ಹತ್ತು ಪರ್ವಗಳ ಕವಿ ಗದುಗಿನ ನಾರಣಪ್ಪ

ಬಯಲುಸೀಮೆಯಲ್ಲಿ ಮಳೆ ಹಿಂದೆಗೆದರೆ ಊರವರು ಗುಡಿಯ ಮುಂದೆ ಸೇರಿ ಭಾರತದ ವಿರಾಟಪರ್ವವನ್ನು ಓದಿಸುವುದು ಹಿಂದಿನಿಂದ ಬಂದ ವಾಡಿಕೆ. ನಮ್ಮ ಯಸಳೂರು ಹೋಬಳಿಯಂತಹ ಮಲೆಯ ಸೆರಗಿನಲ್ಲಿ ಮಳೆಯನ್ನು ಕರೆಯಬೇಕಾದ ಪ್ರಮೇಯ ಕಡಮೆ. ಬಂದ ಮಳೆ ಹೋಗಲೆಂದು ಕಾಯುವುದೇ ಹೆಚ್ಚು. ಹಾಗೆಂದು ಭಾರತ ನಮಗೆ ದೂರದ್ದಾಗಲಿಲ್ಲ. ಆಷಾಢದ ಜಡಿಮಳೆ ಹಿಡಿದು ಗದ್ದೆಯ ಕೆಲಸ ಮುಗಿದ ಇರುಳುಗಳಲ್ಲಿ ಮಲೆನಾಡಿನ ಜಗುಲಿಗಳ ಮೇಲೆ ದೀಪವಿಟ್ಟು ಓದಿದ್ದೂ ಆ ಭಾರತವನ್ನೇ. ಓದಿದವನು ಒಬ್ಬ, ಕೇಳಿದವರು ಊರಿಗೆ ಊರು. ಹೀಗೆ ಬರವಿದ್ದಲ್ಲಿಯೂ ಪ್ರವಾಹವಿದ್ದಲ್ಲಿಯೂ ಒಂದೇ ಸಮನಾಗಿ ಬೇಕಾದ ಕಾವ್ಯವನ್ನು ಬರೆದ ಮಹಾನುಭಾವನು ಯಾರು? ಅವನೇ ಗದುಗಿನ ನಾರಣಪ್ಪ. ಕನ್ನಡಿಗರ ಬಾಯಲ್ಲಿ ಕುಮಾರವ್ಯಾಸ.

ಇಷ್ಟು ಪ್ರಸಿದ್ಧನಾದ ಕವಿಯ ಜೀವನ ಚರಿತ್ರೆ ಮಾತ್ರ ಬಹಳ ಕಿರಿದು. ರಾಜರು ತಮ್ಮ ಗೆಲುವುಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ಈತನು ತನ್ನ ವಿಷಯವನ್ನು ತನ್ನ ಕಾವ್ಯದಲ್ಲಿಯೂ ಹೆಚ್ಚಾಗಿ ಹೇಳಿಕೊಳ್ಳಲಿಲ್ಲ. ಅವನ ಊರು ಕೋಳಿವಾಡ. ಅದು ಈಗ ಧಾರವಾಡ ಜಿಲ್ಲೆಯ ಹುಬ್ಬಳ್ಳಿ ತಾಲ್ಲೂಕಿಗೆ ಸೇರಿದೆ. ಮನೆತನದವರು ಶಾನುಭೋಗಿಕೆ ಮಾಡಿಕೊಂಡಿದ್ದವರೆಂದು ಹೇಳಿಕೆ. ಪ್ರಭುಲಿಂಗಲೀಲೆಯ ಕವಿ ಚಾಮರಸನಿಗೂ ಇವನಿಗೂ ನಂಟಸ್ತಿಕೆಯಿತ್ತೆಂದು ಐತಿಹ್ಯವುಂಟು. ಚಾಮರಸನು 1424ರಿಂದ 1446ರವರೆಗೆ ವಿಜಯನಗರವನ್ನು ಆಳಿದ ಪ್ರೌಢದೇವರಾಯನ ಕಾಲದವನು. ನಮ್ಮ ಕವಿಯೂ ಹದಿನೈದನೆಯ ಶತಮಾನದ ಮೊದಲ ಅರ್ಧದಲ್ಲಿ ಇದ್ದವನೆಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪಿದ್ದಾರೆ. ಈ ಕಾಲನಿರ್ಣಯಕ್ಕೆ ದೊಡ್ಡ ಆಧಾರವೆಂದರೆ ಮುಂದೆ ಹೇಳಲಿರುವ ತಿಮ್ಮಣ್ಣ ಕವಿ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಎಂದರೆ 1509ರಿಂದ 1529ರ ಒಳಗೆ, ಅವನು ಕುಮಾರವ್ಯಾಸನು ಬಿಟ್ಟ ಭಾಗವನ್ನು ಬರೆದನು. ಬಿಟ್ಟವನು ಅದಕ್ಕಿಂತ ಹಿಂದೆ ಇದ್ದಿರಲೇಬೇಕಷ್ಟೆ.

ಕೋಳಿವಾಡದ ಈ ಬ್ರಾಹ್ಮಣನನ್ನು ಲೋಕಕ್ಕೆ ಕವಿಯಾಗಿ ಕೊಟ್ಟ ಸ್ಥಳ ಗದುಗಿನ ವೀರನಾರಾಯಣ ದೇವಾಲಯ. ಹೊಯ್ಸಳ ವಿಷ್ಣುವರ್ಧನನು ಪ್ರತಿಷ್ಠಿಸಿದನೆಂದು ಜನ ನಂಬಿರುವ ಪಂಚನಾರಾಯಣರಲ್ಲಿ ಈ ವೀರನಾರಾಯಣನೂ ಒಬ್ಬ. ನಮ್ಮ ಜಿಲ್ಲೆಯ ಬೇಲೂರಿನ ಚೆನ್ನಕೇಶವನು ಮತ್ತೊಬ್ಬ. ಹೀಗೆ ನೋಡಿದರೆ ಗದುಗಿನ ಕವಿಯ ಇಷ್ಟದೈವವೂ ಹಾಸನದ ನಮ್ಮ ದೈವವೂ ನಂಟರೇ ಸರಿ. ಗುಡಿಯ ಒಳಗೆ ಒಂದು ಕಂಬವನ್ನು ತೋರಿಸಿ, ನಾರಣಪ್ಪನು ಇದಕ್ಕೆ ಒರಗಿ ಕುಳಿತು ಬರೆದನೆಂದು ಇಂದಿಗೂ ಹೇಳುತ್ತಾರೆ. ಅವನು ಕೊಳದಲ್ಲಿ ಮಿಂದು ಒದ್ದೆಬಟ್ಟೆಯಲ್ಲಿಯೇ ದೇವರ ಮುಂದೆ ಕುಳಿತುಕೊಳ್ಳುತ್ತಿದ್ದನಂತೆ; ಬಟ್ಟೆ ಆರುವವರೆಗೆ ಮಾತ್ರ ಪದ್ಯಗಳು ಹರಿದು ಬರುತ್ತಿದ್ದುವಂತೆ; ಆರಿದೊಡನೆ ಲೇಖನಿ ನಿಲ್ಲುತ್ತಿತ್ತಂತೆ.

ಇನ್ನೊಂದು ಕಥೆ ಇದಕ್ಕಿಂತಲೂ ಸೊಗಸಾದುದು. ಹೇಳುವ ಬಗೆ ಊರಿಂದೂರಿಗೆ ಬೇರೆ. ಕುರುಕ್ಷೇತ್ರದ ಯುದ್ಧವನ್ನು ಕಣ್ಣಾರೆ ಕಂಡ ಚಿರಂಜೀವಿ ಅಶ್ವತ್ಥಾಮನು ಮಾರುವೇಷದಲ್ಲಿ ಆ ಗುಡಿಯ ಸಂತರ್ಪಣೆಗೆ ಬರುತ್ತಿದ್ದನು. ವೀರನಾರಾಯಣನ ಅಪ್ಪಣೆಯಂತೆ ನಾರಣಪ್ಪನು ಅವನನ್ನು ಹಿಂಬಾಲಿಸಿ ಹಿಡಿದು, ಭಾರತವನ್ನು ನಡೆದಂತೆ ಹೇಳಬೇಕೆಂದು ಬೇಡಿಕೊಂಡನು. ಗುಟ್ಟನ್ನು ಯಾರಿಗೂ ಹೇಳಕೂಡದೆಂಬ ನಿಬಂಧನೆಯ ಮೇಲೆ ಅಶ್ವತ್ಥಾಮನು ಒಪ್ಪಿದನು. ಕಥೆ ಗದಾಪರ್ವದವರೆಗೆ ಸಾಗಿತು. ಕೊನೆಗೆ ಕವಿಯು ಮನಸ್ಸು ತಡೆಯಲಾರದೆ ಹೆಂಡತಿಯೊಡನೆ ಗುಟ್ಟನ್ನು ಬಿಚ್ಚಿದನು. ಅಂದಿಗೆ ಹೇಳುವವನು ಮರೆಯಾದನು, ಕಾವ್ಯ ಅಲ್ಲಿಗೆ ನಿಂತಿತು.

ಇದನ್ನು ಚರಿತ್ರೆಯೆಂದು ಯಾರೂ ಒಪ್ಪಬೇಕಾಗಿಲ್ಲ. ಆದರೆ ಇಂಥ ಕಥೆ ಹುಟ್ಟಿತೇಕೆ ಎಂದು ಕೇಳಬೇಕಾಗಿದೆ. ವ್ಯಾಸರ ಭಾರತಕ್ಕೆ ಹದಿನೆಂಟು ಪರ್ವಗಳು. ನಾರಣಪ್ಪನ ಭಾರತಕ್ಕೆ ಹತ್ತೇ. ಇಷ್ಟು ದೊಡ್ಡ ಕವಿಯು ನಡುದಾರಿಯಲ್ಲಿ ಏಕೆ ನಿಂತನು ಎಂಬ ಪ್ರಶ್ನೆ ನಮ್ಮ ಹಿರಿಯರನ್ನು ಬಿಡದೆ ಕಾಡಿತು. ಉತ್ತರ ದೊರೆಯದಾಗ ಒಂದು ಕಥೆಯನ್ನು ಕಟ್ಟಿ ಸಮಾಧಾನ ತಂದುಕೊಂಡರು. ಆ ಪ್ರಶ್ನೆ ಇಂದಿಗೂ ಬದುಕಿದೆ. ಕವಿಯು ದಣಿದನೇ? ಕಥೆಯ ಕಸುವು ಕುಗ್ಗಿತೇ? ಅಥವಾ ಅವನು ನಿಲ್ಲಬೇಕಾದ ಕಡೆಯಲ್ಲಿಯೇ ನಿಂತನೇ? ಅವನ ಬಾಳಿನ ಬಗ್ಗೆ ದಾಖಲೆಗಳು ಮೌನವಾಗಿರುವಾಗ ಅವನ ಕಾವ್ಯವನ್ನೇ ಅವನ ಜೀವನ ಚರಿತ್ರೆಯೆಂದು ಓದುವುದಲ್ಲದೆ ಬೇರೆ ದಾರಿಯಿಲ್ಲ.

ಕಾವ್ಯದ ಹೆಸರು ಕರ್ಣಾಟ ಭಾರತ ಕಥಾಮಂಜರಿ. ಗದುಗಿನ ಭಾರತವೆಂಬುದು ಜನ ಇಟ್ಟ ಹೆಸರು. ಇದರ ಛಂದಸ್ಸು ಮೊದಲಿಂದ ಕಡೆಯವರೆಗೆ ಒಂದೇ, ಭಾಮಿನೀ ಷಟ್ಪದಿ. ಆರು ಸಾಲಿನ ಈ ಪದ್ಯದಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುತ್ತವೆ. ನಾಲ್ಕು ಸಾಲುಗಳಿಗೆ 14 ಮಾತ್ರೆ, ಮೂರನೆಯದಕ್ಕೂ ಆರನೆಯದಕ್ಕೂ 23 ಮಾತ್ರೆ, ಒಟ್ಟು 102. ಹೆಜ್ಜೆ ಹಾಕುವವನ ಕಾಲಿನಂತೆ ಒಮ್ಮೆ ಗಿಡ್ಡ, ಒಮ್ಮೆ ಉದ್ದ. ಇಂತಹ ಪದ್ಯಗಳು ಎಂಟು ಸಾವಿರಕ್ಕೂ ಮೇಲೆ. ಹಲಗೆಯಲ್ಲಿ ಬರೆದು ಅಳಿಸಿ ತಿದ್ದುವ ಗೋಜಿಲ್ಲದೆ, ಪರರ ಮಾತನ್ನು ಎರವಲು ತಾರದೆ ಬರೆದೆನೆಂಬ ಹೆಮ್ಮೆ ಕವಿಗಿತ್ತು. ಆದರೆ ಅದೇ ಉಸಿರಿನಲ್ಲಿ ಕಾವ್ಯವನ್ನು ಕಟ್ಟಿದವನು ದೇವರು, ತಾನು ಬರೆದುಕೊಂಡವನು ಮಾತ್ರ ಎಂದು ತಲೆಬಾಗುತ್ತಾನೆ. ಹೆಮ್ಮೆಯೂ ವಿನಯವೂ ಹೀಗೆ ಒಂದೇ ಎದೆಯಲ್ಲಿ ಸೇರುವುದು ದೊಡ್ಡವರಲ್ಲಿ ಮಾತ್ರ.

ಈಗ ಸಂಧಿಗಳ ಲೆಕ್ಕವನ್ನು ನೋಡೋಣ. ಆದಿಪರ್ವಕ್ಕೆ 20, ಸಭಾಪರ್ವಕ್ಕೆ 16, ಅರಣ್ಯಪರ್ವಕ್ಕೆ 23, ವಿರಾಟಕ್ಕೆ 10, ಉದ್ಯೋಗಕ್ಕೆ 11, ಭೀಷ್ಮಕ್ಕೆ 10, ದ್ರೋಣಕ್ಕೆ 19, ಕರ್ಣಕ್ಕೆ 27, ಶಲ್ಯಕ್ಕೆ 3, ಗದಾಪರ್ವಕ್ಕೆ 13, ಒಟ್ಟು 152. ಇದು ಒಣ ಲೆಕ್ಕವೆಂದು ಸಹಪಾಠಿಗಳು ಹಾಳೆ ಮಗುಚಬಾರದು. ಕವಿಯ ಉಸಿರಾಟ ಇದರಲ್ಲಿ ಕೇಳಿಸುತ್ತದೆ. ಭೀಷ್ಮನು ಕಾದಿದ್ದು ಹತ್ತು ದಿನ. ಅದಕ್ಕೆ 10 ಸಂಧಿ. ದ್ರೋಣನು ಕಾದಿದ್ದು ಐದು ದಿನ, ಅದಕ್ಕೆ 19. ಕರ್ಣನು ಸೇನಾಪತಿಯಾಗಿದ್ದದ್ದು ಎರಡೇ ದಿನ, ಅದಕ್ಕೆ 27. ದಿನಗಳು ಕಡಮೆಯಾದಂತೆ ಕವಿಯ ಮಾತು ಬೆಳೆಯುತ್ತದೆ. ಹೊಳೆ ಕಣಿವೆಯೊಳಗೆ ಇಕ್ಕಟ್ಟಾದಷ್ಟೂ ರಭಸವಾಗುವಂತೆ ಕಥೆ ಕರ್ಣನ ಕಡೆಗೆ ಭೋರ್ಗರೆದು ನುಗ್ಗುತ್ತದೆ. ತಾನು ಯಾರೆಂದು ತಿಳಿದ ಮೇಲೂ ಉಪ್ಪಿನ ಋಣವನ್ನು ಬಿಡಲೊಲ್ಲದ ಕರ್ಣ, ಅವನನ್ನು ಕೊಲ್ಲಲು ಕೈ ಬಾರದ ಅರ್ಜುನ, ಎಲ್ಲವನ್ನೂ ಬಲ್ಲ ಕೃಷ್ಣ; ಈ ಮೂವರ ನಡುವೆ ಕವಿಯ ಶಕ್ತಿಯೆಲ್ಲ ಸುರಿದುಹೋಗಿದೆ.

ಆಮೇಲೆ ಏನಾಯಿತು? ಶಲ್ಯನಿಗೆ ಮೂರೇ ಸಂಧಿ. ಶಲ್ಯನು ಸೇನಾಪತಿಯಾಗಿದ್ದದ್ದು ಒಂದು ಹಗಲಿನ ಒಂದು ಭಾಗ ಮಾತ್ರ ಎನ್ನಬಹುದು. ಆದರೆ ಎರಡು ದಿನಕ್ಕೆ ಇಪ್ಪತ್ತೇಳು ಸಂಧಿ ಬರೆದವನು ಬೇಕೆಂದರೆ ಅರ್ಧ ದಿನಕ್ಕೆ ಹತ್ತು ಬರೆಯಲಾರನೇ? ಕರ್ಣನು ಬಿದ್ದ ಮೇಲೆ ಕವಿಯ ಮನಸ್ಸು ಬರಿದಾಯಿತೆಂದೇ ನನಗೆ ತೋರುತ್ತದೆ. ಕೇಳುವವರ ಮನಸ್ಸೂ ಹಾಗೆಯೇ. ಮನೆಯ ಹಿರಿಯನು ತೀರಿಕೊಂಡ ಮೇಲೆ ಉಳಿದ ಕೆಲಸಗಳನ್ನು ನಾವು ಮಾತಿಲ್ಲದೆ ಬೇಗಬೇಗ ಮುಗಿಸುವುದಿಲ್ಲವೇ? ಶಲ್ಯಪರ್ವವನ್ನು ಓದಿದಾಗ ಅಂತಹ ಅನುಭವವಾಗುತ್ತದೆ.

ಯುದ್ಧಪರ್ವಗಳಲ್ಲಿ ಬೇಸರ ತರುವ ಎಡೆಗಳೂ ಇಲ್ಲದಿಲ್ಲ. ಬಾಣದ ಮಳೆ, ಆನೆಗಳ ಹಿಂಡು, ಕಡಿದು ಬಿದ್ದ ತಲೆ ತೋಳುಗಳು, ಬಿರುದಿನ ಮಾತುಗಳು ಮರಮರಳಿ ಬರುತ್ತವೆ. ಪುಸ್ತಕವನ್ನು ಒಬ್ಬನೇ ಕುಳಿತು ಓದುವ ವಿದ್ಯಾರ್ಥಿಗೆ ಇದು ಹೇಳಿದ್ದನ್ನೇ ಹೇಳಿದಂತೆ ಕಾಣುವುದು ಸಹಜ. ಕವಿಯ ಅಭಿಮಾನಿಗಳು ಈ ಮಾತಿಗೆ ಸಿಟ್ಟಾಗಬೇಕಾಗಿಲ್ಲ. ಗುಣವನ್ನು ಕಂಡವನಿಗೆ ಕೊರತೆಯನ್ನು ಹೇಳುವ ಹಕ್ಕುಂಟು. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಈ ಕಾವ್ಯ ಹುಟ್ಟಿದ್ದು ಕಿವಿಗಾಗಿ. ಇಂದು ಒಂದು ಸಂಧಿ, ನಾಳೆ ಒಂದು ಸಂಧಿ, ಹೀಗೆ ತಿಂಗಳುಗಟ್ಟಲೆ ನಡೆಯುವ ವಾಚನದಲ್ಲಿ ನಿನ್ನೆ ಬಾರದವನು ಇಂದು ಬಂದು ಕೂರುತ್ತಾನೆ. ಅವನಿಗೂ ರಣರಂಗ ಕಣ್ಣಿಗೆ ಕಟ್ಟಬೇಕು. ಅಚ್ಚಿನ ಹಾಳೆಯಲ್ಲಿ ಪುನರುಕ್ತಿಯಾದುದು ಗಮಕಿಯ ಕಂಠದಲ್ಲಿ ಪಲ್ಲವಿಯಾಗುತ್ತದೆ.

ಮೂರು ಸಂಧಿಗಳ ಶಲ್ಯಪರ್ವದಲ್ಲಿ ಇಳಿದ ಕಸುವು ಗದಾಪರ್ವದಲ್ಲಿ ಮತ್ತೆ ಏರುತ್ತದೆ. ಹನ್ನೊಂದು ಅಕ್ಷೋಹಿಣಿಯ ಒಡೆಯನು ಏಕಾಕಿಯಾಗಿ ಹೆಣಗಳ ನಡುವೆ ನಡೆದು ಕೊಳದೊಳಗೆ ಅಡಗುವುದು, ಹಳಿದ ಮಾತುಗಳಿಗೆ ಕೆರಳಿ ಮೇಲೆದ್ದು ಬರುವುದು, ಭೀಮನೊಡನೆ ಕಾದಿ ತೊಡೆ ಮುರಿದು ಬೀಳುವುದು, ಇವೆಲ್ಲ ಅಲ್ಲಿವೆ. ಇದೇ ವಸ್ತುವನ್ನು ನಾಲ್ಕು ಶತಮಾನಗಳ ಹಿಂದೆ ರನ್ನನು ಗದಾಯುದ್ಧದಲ್ಲಿ ಹತ್ತು ಆಶ್ವಾಸಗಳಾಗಿ ಬೆಳೆಸಿದ್ದನು. ರನ್ನನು ಇಡೀ ಭಾರತವನ್ನು ಒಂದು ಕಾಳಗದೊಳಕ್ಕೆ ಎಳೆದು ತಂದನು. ನಾರಣಪ್ಪನು ಇಡೀ ಭಾರತವನ್ನು ನಡೆದು ಬಂದು ಆ ಕಾಳಗವನ್ನು ಮುಟ್ಟಿದನು. ದಾರಿ ಬೇರೆಯಾದರೂ ಇಬ್ಬರೂ ತಲಪಿದ ನೆಲೆ ಒಂದೇ.

ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ಗದಾಪರ್ವವು ತೊಡೆ ಮುರಿದಲ್ಲಿಗೆ ನಿಲ್ಲುವುದಿಲ್ಲ. ಅಶ್ವತ್ಥಾಮನ ಇರುಳಿನ ಕೊಲೆ, ಹೆಂಗಸರ ಗೋಳು, ಗಾಂಧಾರಿಯ ದುಃಖ, ಕೊನೆಗೆ ಧರ್ಮರಾಯನ ಪಟ್ಟಾಭಿಷೇಕ ಇವೆಲ್ಲ ಅದರೊಳಗೇ ಬರುತ್ತವೆ. ಸಂಸ್ಕೃತದಲ್ಲಿ ಇವು ಸೌಪ್ತಿಕ, ಸ್ತ್ರೀ, ಶಾಂತಿ ಎಂಬ ಬೇರೆ ಬೇರೆ ಪರ್ವಗಳಿಗೆ ಸೇರಿದ ಸಂಗತಿಗಳು. ಮುಂದಿನ ಪರ್ವದಲ್ಲಿ ಬರಬೇಕಾದ ಪಟ್ಟಾಭಿಷೇಕವನ್ನು ಕವಿಯು ಹಿಂದಕ್ಕೆ ತಂದು ಇಲ್ಲಿ ಕೂಡಿಸಿದ್ದಾನೆ. ದಣಿದು ಕೈಚೆಲ್ಲಿದವನು ಹೀಗೆ ಮಾಡುವುದಿಲ್ಲ. ಮನೆಗೆ ಮಾಡು ಹೊದಿಸಿ, ಬಾಗಿಲು ಹಾಕಿ, ದೀಪ ಹಚ್ಚಿಟ್ಟು ಹೋದವನ ಕೆಲಸವಿದು.

ಮುಂದೆ ಉಳಿದದ್ದಾದರೂ ಏನು? ಶಾಂತಿ ಮತ್ತು ಅನುಶಾಸನ ಪರ್ವಗಳು ಶರಶಯ್ಯೆಯ ಮೇಲಿನ ಭೀಷ್ಮನು ಹೇಳುವ ಧರ್ಮಬೋಧೆ. ಅವು ಗ್ರಂಥದಲ್ಲಿ ಬಹು ದೊಡ್ಡವು, ಘಟನೆಯಲ್ಲಿ ಬಹು ಚಿಕ್ಕವು. ಅವುಗಳ ಬಳಿಕ ಅಶ್ವಮೇಧ. ಅದರ ಬಳಿಕ ಮುದುಕರು ಕಾಡಿಗೆ ಹೋಗುವುದು, ಯಾದವರು ಒನಕೆಯ ಶಾಪದಿಂದ ತಮ್ಮತಮ್ಮಲ್ಲಿ ಹೊಡೆದಾಡಿ ಅಳಿಯುವುದು, ಬೇಡನ ಬಾಣದಿಂದ ಕೃಷ್ಣನ ಅವಸಾನ, ಪಾಂಡವರ ಮಹಾಪ್ರಸ್ಥಾನ. ತಾನು ಹೇಳುವುದು ಕೃಷ್ಣನ ಕಥೆಯೆಂದು ಮೊದಲಿಗೇ ಸಾರಿದ ಭಕ್ತನು ಈತ. ಭೂಭಾರ ಇಳಿಯಿತು, ಧರ್ಮವು ಸಿಂಹಾಸನವನ್ನೇರಿತು. ಕೃಷ್ಣನು ಬಂದ ಕೆಲಸ ಮುಗಿಯಿತು. ಮುಂದೆ ಬರೆದಿದ್ದರೆ ತನ್ನ ಕೈಯಿಂದಲೇ ತನ್ನ ದೈವದ ಮರಣವನ್ನು ಬರೆಯಬೇಕಾಗುತ್ತಿತ್ತು. ಒದ್ದೆಬಟ್ಟೆಯಲ್ಲಿ ವೀರನಾರಾಯಣನ ಮುಂದೆ ಕುಳಿತವನ ಲೇಖನಿ ಅದಕ್ಕೆ ಏಳದೆ ಹೋಗಿದ್ದರೆ ಆಶ್ಚರ್ಯವೇನು? ಮುಪ್ಪೋ ಮರಣವೋ ಅವನನ್ನು ತಡೆದಿರಲೂಬಹುದು. ಆದರೆ ಕಾವ್ಯದೊಳಗಿನ ಸಾಕ್ಷಿ ಬೇಕೆಂದೇ ನಿಲ್ಲಿಸಿದನೆಂಬ ಕಡೆಗೆ ಹೆಚ್ಚಾಗಿ ವಾಲುತ್ತದೆ.

ನಿಂತ ಕಥೆಯನ್ನು ನಿಂತಂತೆ ಬಿಡುವುದು ಲೋಕಕ್ಕೆ ಸಮ್ಮತವಲ್ಲ. ವಿಜಯನಗರದ ವೈಭವದ ದಿನಗಳಲ್ಲಿ ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿಯು ಶಾಂತಿಪರ್ವದಿಂದ ಮುಂದಿನ ಕಥೆಯನ್ನು ಅದೇ ಭಾಮಿನೀ ಷಟ್ಪದಿಯಲ್ಲಿ ಬರೆದು ಮುಗಿಸಿದನು. ದೊರೆಯ ಹೆಸರಿನಿಂದ ಅದು ಕೃಷ್ಣರಾಯ ಭಾರತವೆನಿಸಿತು. ಛಂದಸ್ಸು ಅದೇ, ಪಾತ್ರಗಳು ಅವೇ, ಕಥೆಯೂ ಬಿಟ್ಟ ಕಡೆಯಿಂದಲೇ ಮುಂದುವರಿಯಿತು. ಆದರೂ ಜಗುಲಿಯ ಮೇಲಿನ ಕಿವಿಗಳು ಗದಾಪರ್ವಕ್ಕೇ ಮಂಗಳ ಹಾಡಿಸಿ ಎದ್ದುವು. ತಿಮ್ಮಣ್ಣನಿಗೆ ನಾವು ಅನ್ಯಾಯ ಮಾಡಬಾರದು. ಅವನ ಪಾಲಿಗೆ ಬಂದದ್ದು ಉಪದೇಶದ ಬೆಟ್ಟ ಮತ್ತು ಸಾವಿನ ಸಾಲು. ಊಟ ಮುಗಿದ ಮೇಲೆ ಬಡಿಸಲು ನಿಂತವನ ಪಾಡು ಅವನದು. ಭಾರತವನ್ನು ಪೂರ್ಣಗೊಳಿಸಿದ ಪುಣ್ಯ ಅವನಿಗೆ ಸಲ್ಲಲೇಬೇಕು. ಕೇಳುವವರ ಎದೆ ಮಾತ್ರ ಹಿಂದಿನವನ ವಶದಲ್ಲಿಯೇ ಉಳಿಯಿತು.

ಯುದ್ಧದ ನಂತರದ ಕಥೆಯನ್ನು ಕನ್ನಡಿಗರ ಬಾಯಲ್ಲಿ ನಿಲ್ಲಿಸಿದವನು ಬೇರೊಬ್ಬ. ನೆರೆಯ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನು ಅಶ್ವಮೇಧದ ವೃತ್ತಾಂತವನ್ನು ಮಾತ್ರ ಆರಿಸಿಕೊಂಡು, ಭಾಮಿನಿಯನ್ನು ಬಿಟ್ಟು ವಾರ್ಧಕ ಷಟ್ಪದಿಯನ್ನು ಹಿಡಿದು, 34 ಸಂಧಿಗಳ ಜೈಮಿನಿ ಭಾರತವನ್ನು ಬರೆದನು. ಅವನು ನಾರಣಪ್ಪನ ನೂಲನ್ನು ಮುಂದಕ್ಕೆ ನೂಲಲಿಲ್ಲ, ಹೊಸ ಮಗ್ಗ ಹೂಡಿದನು, ಆದುದರಿಂದಲೇ ಗೆದ್ದನು. ದೊಡ್ಡವರ ಕಾವ್ಯಕ್ಕೆ ಬಾಲವಾಗುವುದಕ್ಕಿಂತ ಚಿಕ್ಕದಾದರೂ ತಲೆಯಾಗುವುದು ಲೇಸೆಂದು ಇದರಿಂದ ಕಲಿಯಬಹುದು.

ಈ ತೊಡಕು ನಮ್ಮ ನುಡಿಯೊಂದಕ್ಕೇ ಬಂದದ್ದಲ್ಲ. ತೆಲುಗಿನಲ್ಲಿ ನನ್ನಯನು ಎರಡೂವರೆ ಪರ್ವ ಬರೆದು ನಿಂತನು. ತಿಕ್ಕನನು ವಿರಾಟದಿಂದ ಮುಂದಿನ ಹದಿನೈದನ್ನು ಬರೆದನು. ನಡುವೆ ಉಳಿದ ಅರಣ್ಯಪರ್ವದ ಭಾಗವನ್ನು ಎರ್ರನನು ತುಂಬಿದನು. ಮೂವರೂ ಸಮರ್ಥರಾದುದರಿಂದ ಆಂಧ್ರರು ಅವರನ್ನು ಕವಿತ್ರಯವೆಂದು ಪೂಜಿಸುತ್ತಾರೆ. ರೋಮಿನ ವರ್ಜಿಲನು ಕ್ರಿಸ್ತಪೂರ್ವ 19ರಲ್ಲಿ ತನ್ನ ಈನಿಯಡ್ ಕಾವ್ಯವನ್ನು ತಿದ್ದಿ ಮುಗಿಸದೆಯೇ ತೀರಿಕೊಂಡನು. ನಮ್ಮ ನಾರಣಪ್ಪನ ಕಾಲದಲ್ಲಿಯೇ, 1428ರಲ್ಲಿ, ಇಟಲಿಯ ಮಫೇಯೋ ವೇಜಿಯೋ ಎಂಬವನು ಅದಕ್ಕೆ ಹದಿಮೂರನೆಯ ಕಾಂಡವೊಂದನ್ನು ಜೋಡಿಸಿದನು. ಇಂದು ವರ್ಜಿಲನನ್ನು ಓದುವವರು ಹನ್ನೆರಡಕ್ಕೇ ಪುಸ್ತಕ ಮುಚ್ಚುತ್ತಾರೆ. ಇಂಗ್ಲಿಷಿನ ಸ್ಪೆನ್ಸರನು ಫೇರೀ ಕ್ವೀನ್ ಎಂಬ ಅದ್ಭುತ ಕಥಾಕಾವ್ಯವನ್ನು ಹನ್ನೆರಡು ಕಾಂಡಗಳಾಗಿ ಬರೆಯಲು ಹೊರಟು, 1590ರಲ್ಲಿ ಮೂರನ್ನೂ 1596ರಲ್ಲಿ ಇನ್ನು ಮೂರನ್ನೂ ಪ್ರಕಟಿಸಿ, 1599ರಲ್ಲಿ ಕಣ್ಮುಚ್ಚಿದನು. ಅವನು ಅರ್ಧದಲ್ಲಿ ಸೋತನು. ನಾರಣಪ್ಪನು ಅರ್ಧವನ್ನೇ ಪೂರ್ಣವಾಗಿಸಿದನು.

ಐದು ನೂರು ವರ್ಷಕ್ಕೂ ಮಿಕ್ಕು ಈ ಕಾವ್ಯವನ್ನು ಕಾಪಾಡಿದವರು ಓಲೆಗರಿಯ ಪ್ರತಿಕಾರರು ಮತ್ತು ಗಮಕಿಗಳು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಜನಪ್ರಿಯ ಆವೃತ್ತಿಯನ್ನು ಮೈಸೂರು ಸರ್ಕಾರವು ಸುಲಭ ಬೆಲೆಗೆ ಹೊರತಂದಿತು. ಬಡವರ ಮನೆಗೂ ಭಾರತ ಬಂದಿತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಾಗ, ಆ ಗೌರವದ ಒಂದು ಪಾಲು ನಾರಣಪ್ಪನಿಗೂ ಸಂದಿತೆನ್ನಬೇಕು.

ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಅನೇಕರು ಅಕ್ಷರ ಕಲಿಯದ ಹಿರಿಯರಿರುವ ಮನೆಗಳಿಂದ ಬಂದವರು. ಆ ಹಿರಿಯರಿಗೆ ಓದು ಬಾರದಿದ್ದರೂ ಕರ್ಣನ ಕಥೆ ಬರುತ್ತಿತ್ತು. ಕೇಳಿ ಕಲಿತಿದ್ದರು, ಕಡೆಯವರೆಗೂ ಕೇಳಿದ್ದರು. ನಮಗೆ ಓದು ಬರುತ್ತದೆ. ಆದರೆ ಪಠ್ಯಕ್ಕಿಟ್ಟ ನಲವತ್ತು ಐವತ್ತು ಪದ್ಯಗಳನ್ನು ಪರೀಕ್ಷೆಗೆಂದು ಓದಿ, ಅಲ್ಲಿಗೆ ಕುಮಾರವ್ಯಾಸನನ್ನು ಮುಗಿಸಿಬಿಡುತ್ತೇವೆ. ನಾರಣಪ್ಪನು ಹತ್ತು ಪರ್ವಕ್ಕೆ ನಿಲ್ಲಿಸಿದನೆಂದು ಆಡಿಕೊಳ್ಳುವ ಮೊದಲು, ನಾವು ಎಷ್ಟನೆಯ ಪದ್ಯಕ್ಕೆ ನಿಲ್ಲಿಸಿದೆವೆಂದು ನೋಡಿಕೊಳ್ಳುವುದು ಒಳ್ಳೆಯದು. ಅಕ್ಷರವಿಲ್ಲದವರು ಉಳಿಸಿಕೊಂಡು ಬಂದುದನ್ನು ಅಕ್ಷರ ಬಲ್ಲವರು ಕಳೆದರೆ ಆ ನಷ್ಟಕ್ಕೆ ಹೊಣೆ ಯಾರು?

ದೊಡ್ಡ ಕೆಲಸವನ್ನು ತೊಡಗುವುದಕ್ಕೆ ಧೈರ್ಯ ಬೇಕು. ಮುಂದುವರಿಸುವುದಕ್ಕೆ ತಾಳ್ಮೆ ಬೇಕು. ತಕ್ಕ ಕಡೆಯಲ್ಲಿ ನಿಲ್ಲಿಸುವುದಕ್ಕೆ ವಿವೇಕ ಬೇಕು. ಕೋಳಿವಾಡದ ಆ ಬಡ ಭಕ್ತನಲ್ಲಿ ಈ ಮೂರೂ ಕೂಡಿದ್ದುವು. ಅವನ ಹುಟ್ಟಿದ ದಿನ ನಮಗೆ ದೊರೆತಿಲ್ಲ, ಸತ್ತ ದಿನವೂ ದೊರೆತಿಲ್ಲ. ನೂರೈವತ್ತೆರಡು ಸಂಧಿಗಳು ದೊರೆತಿವೆ. ಕನ್ನಡಿಗನಿಗೆ ಅಷ್ಟು ಸಾಕು.